ಬೆನ್ನ ಕಡೆಯಿಂದ

ನಾ ಚಿತ್ರ ನೋಡೋದು ಬೆನ್ನ ಕಡೆಯಿಂದ.
ಮಾರಿ ಕೆಳಗ ಮಾಡಿ, ಅಡಿಗೆ ಹಳೇ ಕೌದಿ ಹಾಸಿ
ಹಿಂದಿನ ಹಲಗಿಗೆ ಮೊಳಿ ಹೊಡೀತೀನಿ.
ಬಾಗಲಕೋಟಿ ನವನಗರದಾಗ
ಝೆರಾಕ್ಸ್ ಅಂಗಡಿಗೂ ಚುರುಮುರಿ ಗಾಡಿಗೂ ನಡುವ
ಎಂಟು ಫೂಟಿನ ಫ್ರೇಮಿನ ಅಂಗಡಿ ನಂದು.

ತೀರಿಕೊಂಡವರು ಬರ್ತಾರ, ಮದಲಗಿತ್ತೇರು ಬರ್ತಾರ,
ರಿಟೈರಾದ ಮಾಸ್ತರರ ಸನ್ಮಾನಪತ್ರ, ಎಲ್ಲಮ್ಮ, ಮಕ್ಕಾ ಮದೀನಾ.
ಎಲ್ಲಾರಿಗೂ ಅದೇ ಗಾಜು, ಅದೇ ರೇಟು.
ಚೌಕಟ್ಟಿಗೆ ಚೌಕಾಶಿ ಮಾಡೋರು
ಚಿತ್ರ ಬರಿಯೋರು ಒಬ್ಬರೇ.

ಬನಹಟ್ಟಿಯ ಈರಭದ್ರ ಬರೇ ಗೆರಿ ಎಳೀತಾನ,
ಅಡ್ಡ ಗೆರಿ, ಉದ್ದ ಗೆರಿ. ಏನೋ ಇದು ಅಂದ್ರ
‘ಮಗ್ಗ ನಿಂತ ಮ್ಯಾಲೆ ಕಿವ್ಯಾಗ ಉಳದ ಸಪ್ಪಳ’ ಅಂತಾನ.
ಸಪ್ಪಳಕ್ಕ ಗಾಜು ಬೇಕೋ ಬ್ಯಾಡೋ
ಇಬ್ಬರೂ ಅರ್ಧಾ ತಾಸು ಕೂತು ವಿಚಾರ ಮಾಡಿದ್ವಿ.
ಬ್ಯಾಡ ಅಂದ. ಅವನ ರೊಕ್ಕ ಉಳೀತು.

ಶಮಶಾದ ವಿದ್ಯಾಗಿರಿ ಸಾಲ್ಯಾಗ ಡ್ರಾಯಿಂಗ್ ಟೀಚರ್.
ಬಾಗಲದಷ್ಟು ದೊಡ್ಡ ಕ್ಯಾನ್ವಾಸು
ಟಂಟಂ ಮ್ಯಾಲೆ ಹಗ್ಗ ಬಿಗದು ತರ್ತಾಳ.
ಆಕಿ ಬರಿಯೋದೆಲ್ಲಾ ಗ್ವಾಡಿ. ಮಂದಿ ಇಲ್ಲ, ಕಿಡಕಿ ಇಲ್ಲ.
ಸುಣ್ಣದ ಮ್ಯಾಲೆ ಸುಣ್ಣ, ಒಲಿಯ ಹೊಗಿ,
ಯಾರೋ ಎಣ್ಣಿ ತಲಿ ಆನಿಸಿ ಕೂತ ಜಾಗಾದಾಗ
ಒಂದು ಕರೀ ಚಂದ್ರ.
ಮತ್ತ ಎಲ್ಲೋ ಒಂದು ಮೂಲ್ಯಾಗ ಕೆಂಪು ಅಂಕಿ.

ಬೆಳಗಾವ್ಯಾಗ ಪ್ರದರ್ಶನ ಇತ್ತು, ಚಿತ್ರ ತೂಗಹಾಕಾಕ ನನ್ನೂ ಕರಕೊಂಡು ಹೋಗಿದ್ಳು.
ನಾ ಇನ್ನೂ ಏಣಿ ಮ್ಯಾಲೆ ಇದ್ದೆ,
ಒಬ್ಬಾಂವ ಮೈಕ್ ಹಿಡದು ಬಂದ: ನಿಮ್ಮ ಕಲೆಗೆ ಸ್ಫೂರ್ತಿ ಏನು, ಮೇಡಂ?
‘ಕೃಷ್ಣಾ ನದಿ’ ಅಂದ್ಳು.
ಚಪ್ಪಾಳಿ ಬಿದ್ದವು.

ಬರೂ ಮುಂದ ಯರಗಟ್ಟ್ಯಾಗ ಚಾ ಕುಡದ್ವಿ.
ಕಪ್ಪಿನ್ಯಾಗ ನೋಡಕೋತ ಅಂದ್ಳು: ಸುಳ್ಳ ಹೇಳಿದೆ, ಅಣ್ಣಾ.
ನದಿ ಅಲ್ಲ.
ಅಬ್ಬಾ ಬೋರ್ಡು ಬರಿಯೋರು.
ಊರು ಮುಳುಗೂ ಮುಂದ ಆಫೀಸಿನವರು ಕರದು
ಮನಿ ಮನಿಗೆ ನಂಬರ್ ಹಾಕು ಅಂದ್ರು,
ಗ್ವಾಡಿಗೆ ಎರಡೂವರಿ ರೂಪಾಯಿ.
ಡಬ್ಬಿ ಹಿಡದಾಕಿ ನಾ. ಏಳು ವರ್ಷ.
ಕೆಲವರು ಬೈದ್ರು, ಕೆಲವರು ನೀರು ಕೊಟ್ರು,
ಒಬ್ಬಾಕಿ ಮುದುಕಿ ಅಡಕೊತ್ತು ತಗದಿಟ್ಟು
‘ಚಂದಂಗ ಬರಿಯಪ್ಪಾ, ಬೀಗರು ಬರ್ತಾರ’ ಅಂದ್ಳು.
ಅವತ್ತಿಂದ ಅಬ್ಬಾ ಅಂಕಿಗೆ ನೆರಳು ಹಾಕಾಕ ಹತ್ತಿದ್ರು.
ಸಿನಿಮಾ ಬೋರ್ಡಿಗೆ ಹಾಕ್ತಾರಲ್ಲ, ಹಂಗ, ಬಲಕ್ಕೊಂದು ಕರೀ ನೆರಳು.
ಬಣ್ಣ ಯಾಕ ದಂಡ ಮಾಡ್ತೀ ಅಂದ ಸಾಹೇಬ.
‘ನೀರಾಗ ನಿಲ್ಲೋ ಅಂಕಿ ಸಾಹೇಬ್ರ,
ಕಾಲು ಗಟ್ಟಿ ಇರಬೇಕ್ರಿ.’

ಸಂಜೀಕ ನಮ್ಮ ಮನಿ ಬಂತು.
ಅಬ್ಬಾ ಡಬ್ಬಿ ಇಸಕೊಂಡ್ರು, ಕುಂಚ ನನ್ನ ಕೈಯಾಗ ಕೊಟ್ರು.
ಇಂಗ್ಲಿಷ್ ಎಂಟು ತಿದ್ದಾಕ ನನಗ ಇನ್ನೂ ಬರ್ತಿದ್ದಿಲ್ಲ.
ಸೊನ್ನಿ ಮ್ಯಾಲೊಂದು ಸೊನ್ನಿ ಇಟ್ಟೆ.
ಅಮ್ಮಿ ಒಳಗಿಂದ ಕೇಳಿದ್ಳು, ಯಾರದು ಬಾಗಲದಾಗ?
ಇಬ್ಬರೂ ಸುಮ್ಮನಿದ್ವಿ.

ಚಾದ ರೊಕ್ಕ ಆಕೀನೇ ಕೊಟ್ಳು.

ಅಲ್ಲಿತನಕಾ ನನಗ ತಿಳದಿದ್ದಿಲ್ಲ.
ಆಕಿಯ ಎಲ್ಲಾ ಕ್ಯಾನ್ವಾಸಿನ ಬೆನ್ನಿಗೆ, ಕೆಳಗ, ಎಡಕ್ಕ,
ಪೆನ್ಸಿಲ್ಲಿನ್ಯಾಗ ಎರಡು ಸೊನ್ನಿ ಇರತಾವ,
ಒಂದರ ಮ್ಯಾಲೊಂದು, ಒಂಚೂರು ವಾಲಿ.
ಅಳತಿ ಇರಬೇಕು ಅಂತ ಆರು ವರ್ಷ
ಅದರ ಮ್ಯಾಲೇ ಹಲಗಿ ಇಟ್ಟು ಮೊಳಿ ಹೊಡದೀನಿ.

ಈಗ ಆ ಮೂಲಿ ಬಿಡ್ತೀನಿ.

ಮೊನ್ನೆ ಚಿತ್ರ ಕೊಂಡಾಂವ ಒಬ್ಬ ಹುಬ್ಬಳ್ಳಿಯಿಂದ ಕಾರ್ ತಗೊಂಡು ಬಂದಿದ್ದ,
ತಿರುವಿ ನೋಡಿ, ಇಲ್ಲೊಂದು ಮೊಳಿ ಕಮ್ಮಿ ಆಗೇತಲ್ರೀ ಅಂದ.
ಇರಲಿ ಬಿಡ್ರಿ, ಅಂದೆ,
ಗಾಳಿ ಆಡತೈತಿ.